ಮಾಳವ್ವನ ಬಿಸಿನೀರು, ನನ್ನ ಹೆಬ್ಬೆರಳು

ಕಳೆದ ತಿಂಗಳು ತಿಕೋಟಾದಿಂದ ಒಬ್ಬ ಹೊಸ ಡಾಕ್ಟರ್ ನನ್ನ ಮೊಬೈಲಿಗೆ ಒಂದು ಫೋಟೊ ಕಳಿಸಿದ. ಆರು ದಿನದ ಕೂಸಿನ ಅಂಗಾಲು, ಅದರ ನಡುವೆ ದುಂಡಗೆ ಒಂದು ಕಪ್ಪು ಕಲೆ. ಕೆಳಗೆ ಒಂದೂವರೆ ಸಾಲು ಉದ್ದದ ಕಾಯಿಲೆಯ ಹೆಸರು. ‘ಮೇಡಂ, ವಿಜಯಪುರಕ್ಕೆ ಕಳಿಸಲೇ? ಆಂಬುಲೆನ್ಸ್ ಬಂದು ನಿಂತಿದೆ’ ಎಂದು ಕೇಳಿದ್ದ. ನಾನು ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಮನೆಯಲ್ಲಿ ಹೀರೇಕಾಯಿ ಹೆರೆಯುತ್ತಿದ್ದೆ. ಕೈ ಒರೆಸಿಕೊಂಡು, ‘ಹತ್ತಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ನೋಡು’ ಎಂದು ಬರೆದೆ. ಆಮೇಲೆ ಇನ್ನೊಂದು ಫೋಟೊ ಬಂತು. ಅಂಗಾಲು ಸ್ವಚ್ಛ, ಹತ್ತಿ ಕಪ್ಪು. ಅಜ್ಜಿ ಹಚ್ಚಿದ್ದ ದೃಷ್ಟಿಬೊಟ್ಟು ಅದು.

ಅವನನ್ನು ನಾನು ಬೈಯಲಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಕಾಡಿಗೆಯ ಚಿತ್ರ ಇರುವುದಿಲ್ಲ. ಅಲ್ಲದೆ ಇದರ ತಿರುಗುಮುರುಗು ಆದದ್ದನ್ನೂ ನಾನು ಕಂಡಿದ್ದೇನೆ. ಒಂದು ಕೂಸಿನ ತೊಡೆಯ ಮೇಲೆ ಕಪ್ಪು ಕಲೆ ಇತ್ತು, ಸುತ್ತ ಕೆಂಪು ಉಂಗುರ. ಯಾರೋ ಬೊಟ್ಟು ಇಟ್ಟಿದ್ದಾರೆ ಎಂದು ಮನೆಯವರು ಅಂದುಕೊಂಡರು, ನರ್ಸ್ ಅಂದುಕೊಂಡಳು, ಬಗ್ಗಿ ನೋಡುವ ಸೌಜನ್ಯವಿಲ್ಲದೆ ನಾನೂ ಅಂದುಕೊಂಡೆ. ಕ್ರಿಮಿ ಆಗಲೇ ಕೂಸಿನ ರಕ್ತಕ್ಕೆ ಇಳಿದು, ಚರ್ಮವನ್ನು ಒಳಗಿನಿಂದ ಕೊಳೆಸುತ್ತಿತ್ತು. ಆ ಕೂಸು ಉಳಿಯಲಿಲ್ಲ. ಎಲ್ಲದರಲ್ಲೂ ಕುಚೋದ್ಯ ಹುಡುಕುವ ಕೆಟ್ಟ ಚಟ ನನ್ನದು. ಇದರಲ್ಲಿ ಮಾತ್ರ ಇವತ್ತಿಗೂ ಏನೂ ಸಿಕ್ಕಿಲ್ಲ.

ಹೀಗಾಗಿ, ‘ಬರೀರಿ ಮೇಡಂ, ಹೊಸಬರಿಗೆ ಉಪಯೋಗ ಆಗ್ತೈತಿ’ ಎಂದು ನಾಲ್ಕು ಜನ ದುಂಬಾಲು ಬಿದ್ದಾಗ ಏನು ಬರೆಯಬೇಕೆಂದು ಯೋಚಿಸುವ ಕಷ್ಟವಿರಲಿಲ್ಲ. ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಸಾಯದೆ ಕೆಲಸದಲ್ಲಿ ಉಳಿದರೆ ಕುರ್ಚಿ ತಾನಾಗಿಯೇ ದೊಡ್ಡದಾಗುತ್ತದೆ. ನಾನು ದುಡಿದದ್ದು ಒಂದು ಟ್ರಸ್ಟಿನವರ ಸಣ್ಣ ಹೆರಿಗೆ ಆಸ್ಪತ್ರೆಗಳಲ್ಲಿ, ಮಕ್ಕಳ ಡಾಕ್ಟರಾಗಿ. ಟ್ರಸ್ಟಿನ ಹೆಸರು ಬೇಡ. ಹೆಸರು ಹೇಳಿದರೆ ಸನ್ಮಾನ ಮಾಡಿ ಶಾಲು ಹೊದಿಸುತ್ತಾರೆ, ವಿಜಯಪುರದ ಬೇಸಿಗೆಯಲ್ಲಿ ಅದನ್ನು ಹೊದ್ದುಕೊಳ್ಳುವವರು ಯಾರು? ಹಸುಗೂಸುಗಳ ಚರ್ಮ ನನಗೆ ಮಂಗಳಾರತಿ ಮಾಡಿ ಕಲಿಸಿದ್ದನ್ನಷ್ಟೇ ಬರೆಯುತ್ತೇನೆ.

ಮೊದಲ ಕೆಲಸ ತಿಕೋಟಾದಲ್ಲಿ. ಅಲ್ಲಿನ ಮುಖ್ಯ ಡಾಕ್ಟರನ್ನು ನಾವೆಲ್ಲ ಸಾಹೇಬರು ಅನ್ನುತ್ತಿದ್ದೆವು. ಸಾಹೇಬರು ಬಹಳ ದೊಡ್ಡ ಸಮಾನತಾವಾದಿ. ಬಡವ ಬಲ್ಲಿದ, ಹುಣ್ಣು ತುರಿ, ಬಾಯಿ ಬೆನ್ನು ಎಂಬ ಯಾವ ಭೇದವೂ ಇಲ್ಲದೆ ಎಲ್ಲರಿಗೂ ಒಂದೇ ನೇರಳೆ ಔಷಧ ಬಳಿಸುತ್ತಿದ್ದರು. ಸುತ್ತಲಿನ ಹಳ್ಳಿಗಳ ಅರ್ಧ ಮಕ್ಕಳು ನೇರಳೆ ಬಣ್ಣದಲ್ಲೇ ಓಡಾಡುತ್ತಿದ್ದವು. ಒಂದು ದಿನ ಧೈರ್ಯ ಮಾಡಿ, ‘ಸರ್, ಈ ಗುಳ್ಳಿ ಯಾತಕ್ಕ ಬಂದೈತಿ ಅಂತ ಒಮ್ಮೆ ನೋಡೂಣೇನ್ರಿ?’ ಎಂದೆ.

‘ಹಚ್ಚಿ ಬಿಡವಾ,’ ಎಂದರು ಸಾಹೇಬರು. ‘ಹೋದ್ರ ಗುಳ್ಳಿ ಹೋಗ್ತೈತಿ. ಹೋಗ್ಲಿಲ್ಲಂದ್ರ ಕಾಣೂದಾದ್ರೂ ನಿಲ್ತೈತಿ.’

ಇಷ್ಟು ಪ್ರಾಮಾಣಿಕವಾದ ವೈದ್ಯಕೀಯ ಮಾತನ್ನು ನಾನು ಮುಂದೆ ಯಾವ ಸಮ್ಮೇಳನದಲ್ಲೂ ಕೇಳಲಿಲ್ಲ.

ಅಲ್ಲಿಯೇ ಒಂದು ದಿನ ಹನ್ನೆರಡು ದಿನದ ಹೆಣ್ಣುಕೂಸನ್ನು ತಂದರು. ಎದೆಯ ಒಂದು ಬದಿ ಲಿಂಬೆಹಣ್ಣಿನಷ್ಟು ಊದಿ ಕೆಂಪಾಗಿತ್ತು, ಮುಟ್ಟಿದರೆ ಚೀರುತ್ತಿತ್ತು. ಹುಟ್ಟಿದ ಕೂಸಿನ ಎದೆಯಲ್ಲಿ ಒಂದೆರಡು ಹನಿ ಹಾಲು ಜಿನುಗುವುದುಂಟು. ತಾಯಿಯ ಮೈಯಿಂದ ಬಂದ ಹಾರ್ಮೋನಿನ ಋಣ ಅದು, ಬಿಟ್ಟರೆ ತಾನೇ ಬತ್ತುತ್ತದೆ. ಆದರೆ ತಾನೇ ಆಗುವುದನ್ನು ಬಿಟ್ಟು ಕೂರುವುದು ನಮ್ಮ ಜನಕ್ಕೆ ಗೊತ್ತಿಲ್ಲ. ಅದನ್ನು ಹಿಂಡಿ ತೆಗೆಯುವ ಪದ್ಧತಿ ನಮ್ಮ ಕಡೆ ಇತ್ತು.

‘ಹಿಂಡಿದವರು ಯಾರಬೇ?’ ಎಂದು ಅಜ್ಜಿಯನ್ನು ಕೇಳಿದೆ.

‘ನಾನ ಹಿಂಡೇನ್ರಿ. ಹಾಲ ತಗೀಲಿಲ್ಲಂದ್ರ ಗಂಟ ಆಕ್ಕೈತ್ರಿ.’

‘ತಗದ ಮ್ಯಾಲ ಏನಾತು?’

ಅಜ್ಜಿ ಕೂಸಿನ ಎದೆಯನ್ನೊಮ್ಮೆ ನೋಡಿದಳು. ‘ಗಂಟ ಆತ್ರಿ.’

ಕೀವು ತೆಗೆದೆ, ವಾರ ಇಂಜೆಕ್ಷನ್ ಕೊಟ್ಟೆ, ಕೂಸು ಗುಣವಾಯಿತು. ನನಗೆ ಮಾತ್ರ ಅಂದಿನಿಂದ ಒಂದು ರೋಗ ಅಂಟಿಕೊಂಡಿತು. ಯಾವ ಕೂಸಿನ ಮೈಮೇಲೆ ಏನು ಕಂಡರೂ, ಅದರ ಹಿಂದೆ ಒಬ್ಬ ಮುದುಕಿಯನ್ನು ಹುಡುಕುವ ರೋಗ. ಹೊಕ್ಕುಳು ಕೊಳೆತಿದೆಯೇ? ಬೂದಿ ಹಚ್ಚಿದ ಮುದುಕಿ ಎಲ್ಲಿ? ಬೆನ್ನಲ್ಲಿ ಗುಳ್ಳೆಯೇ? ಎಣ್ಣೆ ತಿಕ್ಕಿದವಳನ್ನು ಕರೆಯಿರಿ. ಬಹಳ ಸಲ ನನ್ನ ಮಾತು ನಿಜವೂ ಆಗುತ್ತಿತ್ತು, ಕೆಟ್ಟದ್ದು ಅಲ್ಲಿಯೇ. ಬಹಳ ಸಲ ಸರಿಯಾಗುವ ಡಾಕ್ಟರ್ ನೋಡುವುದನ್ನೇ ಬಿಟ್ಟುಬಿಡುತ್ತಾಳೆ.

ಬಬಲೇಶ್ವರದ ಆಸ್ಪತ್ರೆಗೆ ನಾನು ಮುಖ್ಯಸ್ಥಳಾಗಿ ಹೋದಾಗ ನನ್ನ ನಾಲಿಗೆ ನನಗಿಂತ ಮುಂಚೆಯೇ ಆ ಊರು ತಲುಪಿತ್ತು. ಮುದುಕಿಯರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಗೋಡೆಗೆ ಅಂಟುತ್ತಿದ್ದರು. ನನಗೆ ಅದು ಗೌರವ ಎಂದು ತೋರುತ್ತಿತ್ತು.

ಅಂದು ಸಂತೆಯ ದಿನ. ಸಂತೆಗೆ ಬಂದವರೆಲ್ಲ ಕಾಯಿಪಲ್ಲೆ ಜತೆಗೆ ಒಂದಿಷ್ಟು ಔಷಧವನ್ನೂ ಒಯ್ಯುತ್ತಿದ್ದರಿಂದ ಆಸ್ಪತ್ರೆಯ ಪಡಸಾಲೆ ತುಂಬಿ, ಸಾಲು ಅಂಗಳದವರೆಗೆ ನಿಂತಿತ್ತು. ನಿಡೋಣಿಯ ಒಕ್ಕಲುತನದ ಮನೆಯೊಂದರಿಂದ ಒಂಬತ್ತು ದಿನದ ಗಂಡುಕೂಸನ್ನು ತಂದರು. ನಮ್ಮಲ್ಲೇ ಹುಟ್ಟಿ, ಐದು ದಿನ ಇದ್ದು ಹೋದ ಕೂಸು. ಈಗ ಮೈಯೆಲ್ಲ ಕೆಂಪು, ಜ್ವರ. ಕೊರಳು, ಕಂಕುಳು, ತೊಡೆಸಂದಿ, ಬಾಯಿಯ ಸುತ್ತ ಚರ್ಮ ಒದ್ದೆ ಕಾಗದದಂತೆ ಸುಲಿದು, ಒಳಗಿನ ಗುಲಾಬಿ ಬಣ್ಣ ಕಾಣುತ್ತಿತ್ತು. ಬಾಣಂತಿ ಅಳುತ್ತಿದ್ದಳು. ಸುಟ್ಟ ಕೂಸು ಎಂದು ತೀರ್ಮಾನಿಸಲು ನನಗೆ ಒಂದು ಉಸಿರಿನಷ್ಟು ಸಮಯವೂ ಬೇಕಾಗಲಿಲ್ಲ.

‘ಎರದಾಕಿ ಯಾರು?’

ಹಿಂದೆ ನಿಂತಿದ್ದ ಎತ್ತರದ, ಬಡಕಲು ಹೆಂಗಸು ಮುಂದೆ ಬಂದಳು. ಮಾಳವ್ವ. ಗಂಡ, ಮಕ್ಕಳು ಕುರಿ ಹಿಂದೆ ಊರೂರು ತಿರುಗುವವರು; ಈಕೆ ನಿಡೋಣಿಯಲ್ಲಿ ಹುಟ್ಟುವ ಕೂಸುಗಳನ್ನು ನೀಡಿದ ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುವವಳು. ಅವಳು ಕೂಸಿನ ಜತೆಗೆ ತಾನಾಗಿಯೇ ಬಂದಿದ್ದಳು. ಕೂಸನ್ನು ಸುಟ್ಟವಳು ಡಾಕ್ಟರ ಮುಂದೆ ತಾನಾಗಿಯೇ ಬಂದು ನಿಲ್ಲುವುದಿಲ್ಲ ಎಂಬ ಸಾದಾ ವಿಚಾರ ನನ್ನಂಥ ಬುದ್ಧಿವಂತೆಗೆ ಹೊಳೆಯಲಿಲ್ಲ.

‘ನೀರು ಎಷ್ಟ ಕಾಸಿದ್ದಿ? ಕೋಳಿ ಪುಚ್ಚ ಕೀಳಾಕ ಕಾಸಿದ್ದೇನು?’

‘ಮೊಳಕೈ ಅದ್ದಿ ನೋಡೇನ್ರಿ ಬಾಯಾರ. ಮೂವತ್ತ ವರ್ಷ ಆತು, ಹಂಗ ನೋಡದ ಒಂದ ತಂಬಿಗಿ ಹಾಕಿಲ್ರಿ.’

‘ಹಂಗಾರ ಈ ತೊಗಲು ತಾನ ಹಾರಿ ಹೋತೇನು?’

‘ನೀರಿಗಿ ಸುಟ್ಟಿದ್ರ ಬೆನ್ನ ಸುಡಬೇಕಿತ್ರಿ. ನಾ ಬೆನ್ನಿಗಿ ಹಾಕ್ತೇನಿ. ತಿರಿವಿ ನೋಡ್ರಿ, ಬೆನ್ನ ನೆಟ್ಟಗೈತಿ. ಬಾಯಿ ಸುತ್ತ ಹೆಂಗ ಸುಡತೈತ್ರಿ? ಮಾರಿಗಿ ಬರೇ ಒದ್ದಿ ಕೈ ಆಡಸ್ತೇವಿ.’

ನಾನು ತಿರುವಿ ನೋಡಲಿಲ್ಲ. ಅಕ್ಷರ ಬಾರದ ಹೆಂಗಸು ನನಗೆ ಕೂಸು ನೋಡುವುದನ್ನು ಕಲಿಸುವುದೇ? ಅಷ್ಟರಲ್ಲಿ ಅವಳ ಕಣ್ಣು ನನ್ನ ಬಲಗೈ ಮೇಲೆ ಬಿತ್ತು. ‘ಬಾಯಾರ, ನಿಮ್ಮ ಹೆಬ್ಬಟ್ಟಿಗಿ ಏನಾಗೇತ್ರಿ?’

‘ಉಗುರಸುತ್ತ ಆಗೇತಿ. ಈಗ ಅದರ ಪಂಚಾಯ್ತಿ ಯಾಕ?’

‘ಕೈಯಾಗ ಹುಣ್ಣಿದ್ರ ನಾವು ಕೂಸ ಮುಟ್ಟೂದಿಲ್ರಿ. ಅದಕ್ಕ ಕೇಳಿದ್ನಿ.’

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಪಿತ್ತ ನೆತ್ತಿಗೇರಿತು. ಕುರ್ಚಿಯಿಂದ ಎದ್ದು ನಿಂತು, ಅಂಗಳದವರೆಗೆ ಕೇಳುವಂತೆ ಹೇಳಿದೆ: ‘ಎಲ್ಲಾರೂ ಕೇಳ್ರಿ. ಈ ಕೂಸಿನ್ನ ಸುಟ್ಟಾಕಿ ಈಕಿ. ಇನ್ನ ಮ್ಯಾಲ ಈಕಿ ಕೈಯಾಗ ಕೂಸು ಕೊಟ್ಟು ನನ್ನ ಕಡೆ ತಂದ್ರ ನಾ ಮುಟ್ಟೂದಿಲ್ಲ.’

ಮಾಳವ್ವ ಕೂಸಿನ ಕಡೆ ಒಮ್ಮೆ ನೋಡಿ, ಜನ ಬಿಟ್ಟ ದಾರಿಯಲ್ಲಿ ಹೊರಟುಹೋದಳು. ಆ ದಾರಿ ಬಹಳ ಅಗಲವಾಗಿತ್ತು, ಅವಳ ಸೀರೆ ತಾಗೀತೆಂದು ಎಲ್ಲರೂ ಅಷ್ಟು ಹಿಂದೆ ಸರಿದಿದ್ದರು.

ಕೂಸನ್ನು ಸೇರಿಸಿಕೊಂಡು ಸುಟ್ಟಗಾಯದ ಮುಲಾಮು ಹಚ್ಚಿದೆ. ಮರುದಿನ ಬೆಳಿಗ್ಗೆ ಬಟ್ಟೆ ಸರಿಸಿ ನೋಡಿದರೆ ಹೊಟ್ಟೆಯ ಮೇಲೆ, ನಿನ್ನೆ ಏನೂ ಇಲ್ಲದ ಕಡೆ, ಹೊಸದಾಗಿ ಚರ್ಮ ಸುಲಿದಿತ್ತು. ನನ್ನದೇ ಆಸ್ಪತ್ರೆಯಲ್ಲಿ, ನನ್ನದೇ ಕಾವಲಿನಲ್ಲಿ, ಒಂದು ತಂಬಿಗೆ ನೀರೂ ಬೀಳದೆ ಕೂಸು ಇನ್ನಷ್ಟು ಸುಟ್ಟಿತ್ತು. ಹಾಲು ಕುಡಿಯುವುದನ್ನೂ ಬಿಟ್ಟಿತ್ತು. ಬೆನ್ನು ತಿರುವಿ ನೋಡಿದೆ. ಮಾಳವ್ವ ಹೇಳಿದಂತೆ ನೆಟ್ಟಗಿತ್ತು. ಕೂಸನ್ನು ಎತ್ತಿಕೊಂಡು ಆಂಬುಲೆನ್ಸಿನಲ್ಲಿ ನಾನೇ ಕೂತು ವಿಜಯಪುರಕ್ಕೆ ಹೋದೆ.

ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ನನಗೆ ಹಿಂದೆ ಪಾಠ ಹೇಳಿದ ಹಿರಿಯ ಡಾಕ್ಟರೊಬ್ಬರಿದ್ದರು. ಮಾತು ಕಡಿಮೆ, ಆಡಿದರೆ ಗಾಯ. ಕೂಸಿನ ಎದೆಯ ಮೇಲೆ ನೆಟ್ಟಗಿದ್ದ ಜಾಗದಲ್ಲಿ ಬೆರಳಿಟ್ಟು ಹಗುರವಾಗಿ ಜರುಗಿಸಿದರು. ಮೇಲಿನ ಚರ್ಮ ಬೆರಳಿನ ಜತೆಗೇ ಜಾರಿತು. ಕೂಸಿನ ಬಾಯಿ ತೆರೆಸಿ ನೋಡಿದರು, ಒಳಗೆ ಸ್ವಚ್ಛ.

‘ಇದನ್ನ ಯಾವುದು ಸುಟ್ಟೈತವಾ?’

‘ಬಿಸಿನೀರು, ಸರ್.’

‘ಆಸ್ಪತ್ರಿ ಸೇರಿದ ಮರುದಿನಾನೂ ಸುಡೂವಂಥಾ ಬಿಸಿನೀರು ನಿಮ್ಮೂರಾಗ ಐತೇನು?’

ಆಗ ತಲೆಯೊಳಗೆ ಬೆಳಕಾಯಿತು. ಒಂದು ಜಾತಿಯ ಕ್ರಿಮಿ ಮೂಗಿನಲ್ಲೋ ಹೊಕ್ಕುಳಲ್ಲೋ ಸುಮ್ಮನೆ ಕೂತು, ರಕ್ತದ ಮೂಲಕ ವಿಷ ಕಳಿಸಿ ಮೈಯೆಲ್ಲ ಚರ್ಮ ಸುಲಿಸುತ್ತದೆ. ನೋಡಿದವರಿಗೆ ಸುಟ್ಟಂತೆ ಕಾಣುತ್ತದೆ, ಸುಟ್ಟದ್ದಲ್ಲ. ಪರೀಕ್ಷೆಯಲ್ಲಿ ಈ ರೋಗದ ಬಗ್ಗೆ ಎರಡು ಪುಟ ಬರೆದು ಒಳ್ಳೆಯ ಅಂಕ ತಗೊಂಡಿದ್ದೆ. ಕಾಗದದ ಮೇಲೆ ಬಂದರೆ ಗುರುತು ಹಿಡಿಯುತ್ತಿದ್ದೆ, ಕೂಸಿನ ಮೇಲೆ ಬಂದದ್ದು ನನ್ನ ತಪ್ಪೇ?

ಹೊಸಬರು ಇಷ್ಟು ನೆನಪಿಡಿ. ಸುಟ್ಟಗಾಯಕ್ಕೆ ಒಂದು ಗಡಿ ಇರುತ್ತದೆ, ನೀರು ಹರಿದ ದಾರಿ ಇರುತ್ತದೆ. ಈ ರೋಗ ಬಾಯಿಯ ಸುತ್ತ, ಮಡಿಕೆಗಳಲ್ಲಿ, ಬಟ್ಟೆ ಉಜ್ಜುವಲ್ಲಿ ಶುರುವಾಗಿ ಹಬ್ಬುತ್ತದೆ. ಮುಲಾಮು ತಿಕ್ಕಬೇಡಿ, ಮೈಗೆ ಅಂಟುವ ಪಟ್ಟಿ ಹಾಕಬೇಡಿ, ಆದಷ್ಟು ಮುಟ್ಟಬೇಡಿ. ಬೆಚ್ಚಗಿಟ್ಟು ಸರಿಯಾದ ಔಷಧ ನರಕ್ಕೆ ಕೊಡಿ. ನಮ್ಮ ಕಾಲದಲ್ಲಿ ಒಂದೇ ಇಂಜೆಕ್ಷನ್ನಿಗೆ ಕ್ರಿಮಿ ತಲೆಬಾಗುತ್ತಿತ್ತು. ಈಗ ನೆಗಡಿಗೂ ಕೆಮ್ಮಿಗೂ ಆ ಔಷಧವನ್ನೇ ಬರೆದು ಬರೆದು ಕ್ರಿಮಿಗೆ ಎಷ್ಟು ಅಭ್ಯಾಸ ಮಾಡಿಸಿದ್ದೇವೆಂದರೆ, ಕ್ಯಾರೇ ಅನ್ನುವುದಿಲ್ಲ. ಆದ್ದರಿಂದ ಮೊದಲು ಮಾದರಿ ಲ್ಯಾಬಿಗೆ ಕಳಿಸಿ, ಆಮೇಲೆ ಜಾಣತನ ತೋರಿಸಿ.

ನಿಡೋಣಿಯ ಕೂಸು ಬದುಕಿತು. ಹತ್ತು ದಿನಕ್ಕೆ ಮೈ ಕೂಡಿ, ಒಂದು ಕಲೆಯೂ ಉಳಿಯಲಿಲ್ಲ. ಸುಟ್ಟಿದ್ದರೆ ಕಲೆ ಉಳಿಯುತ್ತಿತ್ತು, ಮಾಳವ್ವನ ಪರವಾಗಿ ಸಾಕ್ಷಿ ಹೇಳುವಂತೆ ಆ ಚರ್ಮ ನುಣ್ಣಗಾಯಿತು.

ಕತೆ ಇಲ್ಲಿಗೇ ನಿಂತಿದ್ದರೆ ನಾನು ಬರೀ ದಡ್ಡಿ ಆಗಿ ಉಳಿಯುತ್ತಿದ್ದೆ. ಕೂಸನ್ನು ಸೇರಿಸಿದ ದಿನವೇ ಹಿರಿಯರು ಕೇಳಿದ್ದರು: ‘ಕೂಸು ಎಲ್ಲಿ ಹುಟ್ಟಿದ್ದು?’ ನಮ್ಮಲ್ಲೇ ಎಂದೆ. ‘ಹೊಕ್ಕಳ ದಿನಾ ಯಾರು ನೋಡತಿದ್ರು?’ ನಾನೇ ಎಂದೆ. ನರ್ಸುಗಳ ಮೇಲೆ ಬಿಡದೆ ಪ್ರತಿ ಕೂಸಿನ ಹೊಕ್ಕುಳನ್ನು ನನ್ನ ಕೈಯಾರೆ ಒರೆಸುವುದು, ಅದೂ ಕೈಗವಸಿಲ್ಲದೆ, ನನ್ನ ಹೆಮ್ಮೆಯ ಪದ್ಧತಿಯಾಗಿತ್ತು. ಕೈ ತೊಳೆಯುತ್ತಿದ್ದೆ, ಸುಳ್ಳಲ್ಲ. ತೊಳೆದು, ವಾರವಿಡೀ ನಲ್ಲಿಯ ಪಕ್ಕ ನೇತಾಡುವ ಒಂದೇ ಟವೆಲ್ಲಿಗೆ ಒರೆಸುತ್ತಿದ್ದೆ. ನಾನೂ ಒರೆಸುತ್ತಿದ್ದೆ, ನರ್ಸುಗಳೂ ಒರೆಸುತ್ತಿದ್ದರು. ಹಿರಿಯರು ನನ್ನ ಹೆಬ್ಬೆರಳು ನೋಡಿದರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

‘ಮುಂದ ತಾ,’ ಎಂದರು.

ಬಬಲೇಶ್ವರದಲ್ಲಿ ನಮ್ಮ ವಾರ್ಡಿನ ಇನ್ನೆರಡು ಕೂಸುಗಳಿಗೆ ನೀರುಗುಳ್ಳೆ ಎದ್ದಿತ್ತು, ನಾನು ಅದಕ್ಕೆ ಇಬ್ಬರು ಅಜ್ಜಿಯರ ಎಣ್ಣೆಯನ್ನು ಹೊಣೆ ಮಾಡಿದ್ದೆ. ಈಗ ಎಲ್ಲರ ಕೈ, ಮೂಗುಗಳಿಂದ ಮಾದರಿ ತೆಗೆದರು. ನಮ್ಮ ನರ್ಸ್ ನಿಡೋಣಿಗೂ ಹೋಗಿ ಮಾಳವ್ವನ ಮಾದರಿ ತಂದಳು. ಸ್ಟೇಷನ್ ರಸ್ತೆಯ ಲ್ಯಾಬಿನಿಂದ ವರದಿ ಬಂತು. ಮಾಳವ್ವನ ಕೈಯಲ್ಲಿ, ಮೂಗಿನಲ್ಲಿ ಆ ಕ್ರಿಮಿ ಇರಲಿಲ್ಲ. ನನ್ನ ಹೆಬ್ಬೆರಳಿನಲ್ಲಿ ಇತ್ತು, ಮೂಗಿನಲ್ಲೂ ಇತ್ತು. ಕೂಸಿನ ಕ್ರಿಮಿ ಯಾವ ಔಷಧಕ್ಕೆ ಬಗ್ಗುತ್ತಿತ್ತೋ ನನ್ನದೂ ಅದಕ್ಕೇ ಬಗ್ಗುತ್ತಿತ್ತು, ಯಾವುದಕ್ಕೆ ಬಗ್ಗುತ್ತಿರಲಿಲ್ಲವೋ ಅದಕ್ಕೆ ಬಗ್ಗುತ್ತಿರಲಿಲ್ಲ. ‘ಇಷ್ಟರಿಂದ ಖಚಿತವಾಗಿ ಹೇಳಲಾಗದು’ ಎಂದು ವಾದಿಸಲು ಜಾಗವಿತ್ತು. ಎರಡು ದಿನ ಆ ವಾದವನ್ನು ಕನ್ನಡಿಯ ಮುಂದೆ ಅಭ್ಯಾಸವೂ ಮಾಡಿದೆ. ಕನ್ನಡಿ ಒಪ್ಪಲಿಲ್ಲ.

ಉಗುರುಸುತ್ತು ಮಾಯುವವರೆಗೆ ಹಿರಿಯರು ಹದಿನೈದು ದಿನ ರಜೆ ಹಾಕಿಸಿದರು. ಟವೆಲ್ ತೆಗೆದರು, ಕೈಗವಸು ಬಂತು. ನಾನು ಮನೆಯಲ್ಲಿದ್ದ ಆ ಹದಿನೈದು ದಿನ ಬಬಲೇಶ್ವರದ ನಮ್ಮ ವಾರ್ಡಿನಲ್ಲಿ ಒಂದು ಕೂಸಿಗೂ ಗುಳ್ಳೆ ಏಳಲಿಲ್ಲ. ನನ್ನ ಇಡೀ ವೃತ್ತಿಯಲ್ಲಿ ಊರಿಗೆ ಅತಿ ಹೆಚ್ಚು ಉಪಕಾರವಾದದ್ದು ಆ ರಜೆಯಿಂದಲೇ ಇರಬೇಕು.

ತಪ್ಪು ಒಪ್ಪಿಕೊಳ್ಳಲು ನಿಡೋಣಿಗೆ ಹೋಗಬೇಕೆಂದು ರಜೆಯ ಮೊದಲ ದಿನವೇ ನಿಶ್ಚಯಿಸಿದೆ. ಹೋದದ್ದು ಎರಡೂವರೆ ತಿಂಗಳ ಮೇಲೆ. ಮೊದಲು ಆ ಕೂಸಿನ ಮನೆಗೆ ಹೋದೆ. ನಾಲ್ಕೈದು ಹೆಂಗಸರು ಕೂಡಿದ್ದರು. ಚಹಾ ಕೊಟ್ಟರು. ‘ಮಾಳವ್ವ ಸುಟ್ಟಿಲ್ರಿ, ನನ್ನ ಕೈಯಿಂದ ರೋಗ ಹತ್ತಿತ್ತು, ತಪ್ಪು ನಂದು’ ಎಂದೆ.

‘ಇರ್ಲಿ ಬಿಡ್ರಿ ಬಾಯಾರ,’ ಎಂದಳು ಕೂಸಿನ ಅಜ್ಜಿ. ‘ನೀವೇನು ಬೇಕಂತ ಮಾಡೀರೇನು? ಶಾಣ್ಯಾರ ಕಡಿಂದನೂ ಒಮ್ಮೊಮ್ಮೆ ಆಕ್ಕೈತಿ.’

ಎಳ್ಳಷ್ಟೂ ಸಿಟ್ಟಿಲ್ಲ. ಮೇಲೆ ಶೇಂಗಾ ಹೋಳಿಗೆ ಕಟ್ಟಿಕೊಟ್ಟರು. ಕೂಸನ್ನು ಸಾವಿನ ಬಾಗಿಲಿಗೆ ಒಯ್ದವಳಿಗೆ ಹೋಳಿಗೆ, ಏನೂ ಮಾಡದವಳಿಗೆ ಬಹಿಷ್ಕಾರ. ಹೆಸರಿನ ಹಿಂದೆ ನಾಲ್ಕು ಇಂಗ್ಲಿಷ್ ಅಕ್ಷರ ಇದ್ದರೆ ಕ್ಷಮೆ ಎಷ್ಟು ಸಲೀಸಾಗಿ ಸಿಗುತ್ತದೆ ನೋಡಿ.

ಊರ ಅಂಚಿನ ಮನೆಯಲ್ಲಿ ಮಾಳವ್ವ ಕಟ್ಟೆಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಚಾಪೆ ಹಾಸಿದಳು. ಅದೇ ಮಾತು ಅವಳಿಗೂ ಹೇಳಿದೆ. ಅವಳು ಉಣ್ಣೆಯ ಮೇಲಿಂದ ಕಣ್ಣೆತ್ತಲಿಲ್ಲ.

‘ಯಾರೂ ಕರದಿಲ್ರಿ ಬಾಯಾರ,’ ಎಂದಳು. ‘ಊರ ಮಂದಿದು ಹೋಗ್ಲಿ. ನಮ್ಮ ಸೊಸಿ ಹಡದು ಒಂದೂವರೆ ತಿಂಗಳಾತು, ತವರಮನ್ಯಾಗ ಅದಾಳ. ನಾ ಬಂದು ಎರಿತೇನಿ ಅಂದ್ನಿ. ಬ್ಯಾಡತ್ತಿ, ಡಾಕ್ಟರಬಾಯಾರು ಹಂಗಂದಾರ, ಅಂದ್ಲು. ಊರ ಕೂಸೆಲ್ಲಾ ಎರದಾಕಿ, ನನ್ನ ಮೊಮ್ಮಗನ್ನ ಮುಟ್ಟಿಲ್ರಿ.’

ನನಗೆ ಅಳು ಬಂತು. ಮುಚ್ಚಿಡಲು ಆಗಲಿಲ್ಲ. ‘ಈಗ ಅವರ ಮನ್ಯಾಗ ಎಲ್ಲಾರ ಮುಂದ ಹೇಳಿ ಬಂದೇನಿ, ಮಾಳವ್ವ’ ಎಂದೆ.

‘ನಾಕ ಮಂದಿ ಮುಂದ ಚಾ ಕುಡಕೋತ ಹೇಳಿದ್ರ ಮುಗೀತೇನ್ರಿ? ನನಗ ಅಂದದ್ದು ಸಂತಿ ದಿನ, ತುಂಬಿದ ಆಸ್ಪತ್ರ್ಯಾಗ. ಎಲ್ಲಿ ಅಂದ್ರೋ ಅಲ್ಲೇ ಹೇಳ್ರಿ.’

ಮರಳಿ ಬಂದು ಟ್ರಸ್ಟಿನ ಕಾರ್ಯದರ್ಶಿಗಳಿಗೆ ವಿಷಯ ತಿಳಿಸಿದೆ. ಅವರು ಗಾಬರಿಯಾದರು. ‘ಮೇಡಂ, ಕೂಸು ಉಳದೈತಿ, ಯಾರೂ ಏನೂ ಕೇಳಾಕತ್ತಿಲ್ಲ. ನೀವ ಎದ್ದು ಹೇಳಿದ್ರ ಸಂಸ್ಥಾದ ಮರ್ಯಾದಿ ಏನಾಗಬೇಕ್ರಿ?’ ಸಂಸ್ಥೆಯ ಮರ್ಯಾದೆ ಇಷ್ಟು ದಿನ ನನ್ನ ಉಗುರಿನ ಸಂದಿಯಲ್ಲಿತ್ತು ಎಂದು ನನಗೆ ಗೊತ್ತಿರಲಿಲ್ಲ. ಹೇಳಿಯೇ ತೀರುತ್ತೇನೆ ಎಂದೆ. ಹೇಳಿದಷ್ಟು ಧೈರ್ಯ ಇರಲಿಲ್ಲ.

ಮುಂದಿನ ಸಂತೆಯ ದಿನ ಪಡಸಾಲೆ ಅಂದಿನಂತೆಯೇ ತುಂಬಿತ್ತು. ನಾನು ಹೇಳಿಕಳಿಸಿದ್ದರಿಂದ ಮಾಳವ್ವ ಬಂದು ಬಾಗಿಲ ಬಳಿ ನಿಂತಳು. ಜನ ಅವಳ ಸುತ್ತ ಮತ್ತೆ ಅದೇ ಜಾಗ ಬಿಟ್ಟರು. ನಾನು ಕುರ್ಚಿಯಿಂದ ಎದ್ದೆ. ಬೈಯುವಾಗ ಅಂಗಳದವರೆಗೆ ಹೋಗಿದ್ದ ದನಿ ಈಗ ಮೇಜು ದಾಟಲಿಲ್ಲ. ‘ಕೇಳವಲ್ದರಿ’ ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದೆ.

‘ಮಾಳವ್ವ ಕೂಸು ಸುಟ್ಟಿಲ್ಲ. ಕೂಸಿಗಿ ರೋಗ ಹತ್ತಿದ್ದು ನನ್ನ ಕೈಯಾನ ಹುಣ್ಣಿಂದ. ಆಕಿ ಅವತ್ತ ನನಗ ಖರೇ ಹೇಳಿದ್ಲು. ನಾ ಕೇಳಲಿಲ್ಲ, ನೋಡಲೂ ಇಲ್ಲ. ತಪ್ಪು ನಂದು.’

ಯಾರೂ ಇರಲಿ ಬಿಡ್ರಿ ಅನ್ನಲಿಲ್ಲ. ಆಮೇಲೆ ಸಾಲಿನ ನಡುವಿನಿಂದ, ಎಳೆಗೂಸು ಎತ್ತಿಕೊಂಡಿದ್ದ ಒಬ್ಬ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು.

‘ಹಂಗಾರ ನಮ್ಮ ಕೂಸಿಗಿ ಎರಿಯಾಕ ಈಕೀನ ಕರೀಲೇನ್ರಿ, ಬಾಯಾರ?’

ನಾನು ಹೂಂ ಅನ್ನಲು ಬಾಯಿ ತೆರೆದೆ.

‘ಅವರನ್ನ ಏನ ಕೇಳ್ತಿ?’ ಎಂದಳು ಮಾಳವ್ವ ಬಾಗಿಲಿನಿಂದ. ‘ಎಲ್ಲಾರೂ ಅವರ ಮಾತ ಕೇಳೇ ಮೂರ ತಿಂಗಳಾತು, ನನ್ನ ಕಾಲ ಮ್ಯಾಲ ಕೂಸಿಲ್ಲ. ಎರಿಯಾಕಿ ನಾನು. ನನ್ನ ಕೇಳು.’

ಹುಡುಗಿ ನನಗೆ ಬೆನ್ನು ಮಾಡಿ ಅವಳನ್ನೇ ಕೇಳಿದಳು.